ಐದನೇ ಸರದಿ ಯಾರಿಗೆ?

1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡ ತನ್ನ ಆಟಗಾರರ ಅಂಗಿಯ ಬೆನ್ನಿಗೆ ಸಂಖ್ಯೆ ಹಾಕಿಸಿದಾಗ ಆ ಸಂಖ್ಯೆಗಳನ್ನು ಬ್ಯಾಟಿಂಗ್ ಕ್ರಮಾಂಕ ನೋಡಿಯೇ ಕೊಟ್ಟಿತು. ಮೊದಲು ಬ್ಯಾಟ್ ಹಿಡಿಯುತ್ತಿದ್ದ ಅರ್ಲ್ ಕೂಂಬ್ಸ್ ಅವರಿಗೆ 1, ಮೂರನೆಯವರಾದ ಬೇಬ್ ರೂತ್ ಅವರಿಗೆ 3, ನಾಲ್ಕನೆಯವರಾದ ಲೂ ಗೆರಿಗ್ ಅವರಿಗೆ 4. ಆಡುವ ಸ್ಥಾನವೇ ಆಟಗಾರನ ಗುರುತಾಗಿಬಿಟ್ಟ ಕಾಲವದು. ಯಾವ ಸ್ಥಾನಕ್ಕೆ ಎಂಥವನು ಎಂಬ ಕಟ್ಟಳೆಯೂ ಆ ಹೊತ್ತಿಗೆ ಗಟ್ಟಿಯಾಗಿತ್ತು. ಮೊದಲನೆಯವನು ಚುರುಕಾಗಿ ಓಡುವವನು. ಎರಡನೆಯವನು ಚೆಂಡನ್ನು ಮೆಲ್ಲನೆ ತಟ್ಟಿ, ತಾನು ಔಟಾದರೂ ಆಗಲೇ ಬೇಸ್‌ನಲ್ಲಿ, ಅಂದರೆ ರನ್ ಗಳಿಸಲು ಸುತ್ತಿ ಬರಬೇಕಾದ ನಿಲುಗಡೆಗಳಲ್ಲೊಂದರಲ್ಲಿ, ನಿಂತಿರುವವನನ್ನು ಒಂದು ಬೇಸ್ ಮುಂದೆ ದಾಟಿಸಬಲ್ಲವನು. ಮೂರನೆಯವನು ತಂಡದ ಶ್ರೇಷ್ಠ ಬ್ಯಾಟರ್, ನಾಲ್ಕನೆಯವನು ಬಲಶಾಲಿ ಹೊಡೆತಗಾರ. ಅಲ್ಲಿಂದ ಕೆಳಗೆ ಸಾಮರ್ಥ್ಯ ಇಳಿಯುತ್ತಾ ಹೋಗಿ ಒಂಬತ್ತನೆಯ ಸ್ಥಾನ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ. ಅಮೆರಿಕದ ಮ್ಯಾನೇಜರ್‌ಗಳು ಈ ಅಚ್ಚನ್ನು ತಲೆಮಾರುಗಳ ಕಾಲ ಹೆಚ್ಚು ಪ್ರಶ್ನಿಸದೆ ಬಳಸಿದರು. ಅದರಲ್ಲಿ ಒಂದಿಷ್ಟು ಸತ್ಯವಿದೆ, ಆದರೆ ಅದರ ತಳಹದಿಯೇ ತಪ್ಪು ಎಂಬುದು ನನ್ನ ವಾದ. ಬ್ಯಾಟಿಂಗ್ ಕ್ರಮಾಂಕವನ್ನು ಒಂಬತ್ತು ಪಾತ್ರಗಳ ಪಟ್ಟಿಯಾಗಿ ನೋಡಬಾರದು. ಬ್ಯಾಟ್ ಹಿಡಿಯುವ ಸರದಿ ಯಾರಿಗೆ ಎಷ್ಟು ಸಿಗಬೇಕು ಎಂಬ ಹಂಚಿಕೆಯಾಗಿ ಅದನ್ನು ನೋಡಬೇಕು. ಹಾಗೆ ನೋಡತೊಡಗಿದ ಕೂಡಲೇ ಹಳೆಯ ಅಚ್ಚಿನ ಅರ್ಧ ಭಾಗ ಉದುರಿಹೋಗುತ್ತದೆ.

ಕ್ರಿಕೆಟ್ ಕಂಡು ಬೆಳೆದ ನಮಗೆ ಇಲ್ಲಿ ಮೊದಲು ಅರಿಯಬೇಕಾದ ವ್ಯತ್ಯಾಸವೊಂದಿದೆ. ಕ್ರಿಕೆಟ್‌ನಲ್ಲಿ ಆರಂಭಿಕ ಆಟಗಾರ ಔಟಾದರೆ ಆ ಇನಿಂಗ್ಸ್‌ನಲ್ಲಿ ಅವನ ಕೆಲಸ ಮುಗಿಯಿತು. ಔಟಾಗದೆ ನಿಂತರೆ ದಿನವಿಡೀ ಆಡಬಹುದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಬ್ಬ ಬ್ಯಾಟರ್ ಪಿಚರ್‌ನನ್ನು ಎದುರಿಸಿ ಔಟಾಗಲಿ, ಬೇಸ್ ತಲುಪಲಿ, ಅವನ ಸರದಿ ಅಲ್ಲಿಗೆ ಮುಗಿದು ಮುಂದಿನವನು ಬರುತ್ತಾನೆ. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನು. ಮೂವರು ಔಟಾದರೆ ಇನಿಂಗ್ಸ್ ಮುಗಿಯುತ್ತದೆ, ಆದರೆ ಸರದಿಯ ಎಣಿಕೆ ಮುಗಿಯುವುದಿಲ್ಲ. ಮೊದಲ ಇನಿಂಗ್ಸ್ ಐದನೆಯವನ ಬಳಿ ನಿಂತರೆ ಎರಡನೆಯದು ಆರನೆಯವನಿಂದ ಶುರು. ಪಂದ್ಯಕ್ಕೆ ಮುನ್ನ ಮ್ಯಾನೇಜರ್ ಈ ಪಟ್ಟಿಯನ್ನು ಅಂಪೈರ್ ಕೈಗೆ ಕೊಟ್ಟ ಮೇಲೆ ಯಾರನ್ನೂ ಮೇಲೆ ಕೆಳಗೆ ಸರಿಸುವಂತಿಲ್ಲ. ಬದಲಿ ಆಟಗಾರ ಬಂದರೂ ಅವನು ಹೊರಹೋದವನ ಸ್ಥಾನದಲ್ಲೇ ಆಡಬೇಕು, ಹೊರಹೋದವನು ಮತ್ತೆ ಬರುವಂತಿಲ್ಲ. ನಮ್ಮ ಕಡೆ ಪಿಂಚ್ ಹಿಟ್ಟರ್‌ನನ್ನು ಮೇಲಿನ ಕ್ರಮಾಂಕಕ್ಕೆ ಕಳಿಸುವಂತೆ ಅಲ್ಲಿ ಆಟದ ಮಧ್ಯೆ ಅತ್ಯುತ್ತಮನನ್ನು ಕರೆದು ನಿಲ್ಲಿಸಲು ಆಗದು. ಹಾಗಾಗಿ ಒಳ್ಳೆಯ ಬ್ಯಾಟರ್‌ಗೆ ಹೆಚ್ಚು ಅವಕಾಶ ಸಿಗುವಂತೆ ಮಾಡಲು ಮ್ಯಾನೇಜರ್ ಕೈಯಲ್ಲಿರುವುದು ಆಟಕ್ಕೆ ಮೊದಲು ಬರೆಯುವ ಆ ಒಂದು ಕಾರ್ಡ್ ಮಾತ್ರ.

ಆ ಕಾರ್ಡ್ ಎಷ್ಟು ಅವಕಾಶವನ್ನು ಹಂಚುತ್ತದೆ? ಒಂಬತ್ತು ಇನಿಂಗ್ಸ್, ಇನಿಂಗ್ಸ್‌ಗೆ ಮೂರು ಔಟ್, ಒಟ್ಟು 27. ತಂಡದ ಬ್ಯಾಟರ್‌ಗಳು ನೂರು ಸರದಿಗಳಲ್ಲಿ 32 ಸಲ ಬೇಸ್ ತಲುಪುತ್ತಾರೆ ಎಂದಿಟ್ಟುಕೊಂಡರೆ (ಅಮೆರಿಕದ ಉನ್ನತ ಸ್ಪರ್ಧೆಯಾದ ಮೇಜರ್ ಲೀಗ್‌ನ ಸಾಮಾನ್ಯ ಮಟ್ಟ ಅದೇ) 27 ಔಟ್ ಆಗುವಷ್ಟರಲ್ಲಿ ಸುಮಾರು 40 ಸರದಿ ಸಿಗಬೇಕು. ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವ ಡಬಲ್ ಪ್ಲೇ, ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಅದನ್ನು ಕದಿಯಲು ಹೋಗಿ ಸಿಕ್ಕಿಬೀಳುವುದು, ಗೆಲ್ಲುತ್ತಿರುವ ಆತಿಥೇಯ ತಂಡ ಕೊನೆಯ ಇನಿಂಗ್ಸ್ ಆಡದಿರುವುದು ಇವೆಲ್ಲ ಕಳೆದರೆ ವಾಸ್ತವದಲ್ಲಿ 38ರ ಆಸುಪಾಸು ಉಳಿಯುತ್ತದೆ. ಒಂಬತ್ತು ಜನರಿಗೆ ನಾಲ್ಕು ನಾಲ್ಕು ಸರದಿ ಹಂಚಿದರೆ 36 ಆಯಿತು. ಉಳಿದ ಒಂದೆರಡು ಸರದಿ, ಅಂದರೆ ಪಂದ್ಯದ ಕೊನೆಗೆ, ಹಲವು ಸಲ ಫಲಿತಾಂಶ ತೂಗಾಡುತ್ತಿರುವ ಹೊತ್ತಿಗೆ ಬರುವ ಐದನೇ ಸರದಿ, ಪಟ್ಟಿಯ ತುದಿಯಲ್ಲಿ ಇರುವವರಿಗೆ ಮಾತ್ರ. ಪಂದ್ಯದ ಕೊನೆಯ ಬ್ಯಾಟರ್ ಯಾವ ಕ್ರಮಾಂಕದವನಾಗಿರುತ್ತಾನೆ ಎಂಬುದು ವರ್ಷದ ಉದ್ದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುವುದರಿಂದ ಲೆಕ್ಕ ಸುಲಭ. 162 ಪಂದ್ಯಗಳ ಋತುವಿನಲ್ಲಿ ಒಂದು ಸ್ಥಾನ ಕೆಳಗಿಳಿದರೆ ಸುಮಾರು 18 ಸರದಿ ನಷ್ಟ. ಒಂದನೇ ಸ್ಥಾನಕ್ಕೂ ಒಂಬತ್ತನೆಯದಕ್ಕೂ ನಡುವೆ ಹತ್ತಿರ ಹತ್ತಿರ 145 ಸರದಿಗಳ ಅಂತರ, ಒಬ್ಬ ಆಟಗಾರನ ಒಂದು ತಿಂಗಳ ದುಡಿಮೆಗೂ ಹೆಚ್ಚು. ಕಟ್ಟಳೆ ಹೇಳುವಂತೆ ತಂಡದ ಶ್ರೇಷ್ಠನನ್ನು ಮೂರನೆಯವನಾಗಿ ಇಟ್ಟು, ಬರೀ ಓಡಬಲ್ಲವನನ್ನೂ ಬರೀ ಮೆಲ್ಲನೆ ತಟ್ಟಬಲ್ಲವನನ್ನೂ ಅವನ ಮುಂದೆ ನಿಲ್ಲಿಸಿದರೆ, ಇದ್ದುದರಲ್ಲಿ ಅತಿ ಹೆಚ್ಚು ಸರದಿಗಳನ್ನು ದುರ್ಬಲರ ಕೈಗೆ ಕೊಟ್ಟಂತಾಯಿತು.

ಸರದಿಯ ಎಣಿಕೆಯೊಂದೇ ಸಾಲದು, ಯಾವ ಸ್ಥಿತಿಯಲ್ಲಿ ಆ ಸರದಿ ಬರುತ್ತದೆ ಎಂಬುದೂ ಮುಖ್ಯ. ಇದನ್ನು ಶಿಸ್ತಾಗಿ ಅಳೆದವರಲ್ಲಿ ಮೊದಲಿಗರು ಕೆನಡಾದ ರಕ್ಷಣಾ ಸಂಶೋಧಕ ಜಾರ್ಜ್ ಲಿಂಡ್ಸೆ. ಅವರ ತಂದೆ ನೂರಾರು ಪಂದ್ಯಗಳನ್ನು ವಿವರವಾಗಿ ಕೈಯಲ್ಲಿ ಬರೆದಿಟ್ಟಿದ್ದರು. ಆ ದಾಖಲೆಯನ್ನು ಆಧರಿಸಿ ಮಗ 1963ರಲ್ಲಿ ಪ್ರಕಟಿಸಿದ ಪ್ರಬಂಧ ಬೇಸ್‌ಬಾಲ್ ಅನ್ನು ನೋಡುವ ಬಗೆಯನ್ನೇ ಬದಲಿಸಿತು. ಮೂರು ಬೇಸ್‌ಗಳಲ್ಲಿ ಯಾರು ನಿಂತಿದ್ದಾರೆ ಎಂಬುದಕ್ಕೆ ಎಂಟು ಸಾಧ್ಯತೆ, ಔಟ್ ಶೂನ್ಯವೋ ಒಂದೋ ಎರಡೋ ಎಂಬುದಕ್ಕೆ ಮೂರು. ಹೀಗೆ ಇಡೀ ಆಟ 24 ಸ್ಥಿತಿಗಳಲ್ಲಿ ಸುತ್ತುತ್ತದೆ. ಪ್ರತಿ ಸ್ಥಿತಿಯಿಂದ ಇನಿಂಗ್ಸ್ ಮುಗಿಯುವವರೆಗೆ ಸರಾಸರಿ ಎಷ್ಟು ರನ್ ಬರುತ್ತದೆಂದು ಎಣಿಸಿದರೆ ಒಂದು ಹೊಡೆತದ, ಒಂದು ಔಟಿನ ನಿಜವಾದ ಬೆಲೆ ಕೈಗೆ ಸಿಗುತ್ತದೆ. 2010ರಿಂದ 2015ರವರೆಗಿನ ಮೇಜರ್ ಲೀಗ್ ಅಂಕಿಗಳಲ್ಲಿ, ಯಾರೂ ಔಟಾಗದೆ ಬೇಸ್‌ಗಳು ಖಾಲಿ ಇದ್ದಾಗ ಸರಾಸರಿ 0.48 ರನ್ ನಿರೀಕ್ಷಿಸಬಹುದಿತ್ತು. ಇಬ್ಬರು ಔಟಾಗಿ ಬೇಸ್ ಖಾಲಿ ಇದ್ದರೆ ಬರೀ 0.10. ಒಬ್ಬನೂ ಔಟಾಗದೆ ಮೂರೂ ಬೇಸ್ ತುಂಬಿದ್ದರೆ 2.29. ಈ ಕೋಷ್ಟಕವನ್ನು ಕಣ್ಣಮುಂದೆ ಇಟ್ಟುಕೊಂಡು ಒಂದೊಂದೇ ಸ್ಥಾನವನ್ನು ನೋಡೋಣ. ಒಂಬತ್ತು ಹೆಸರುಗಳನ್ನು ಜೋಡಿಸುವ ವಿಧಾನಗಳು 3,62,880 ಇದ್ದರೂ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ತೀರ್ಮಾನಗಳು ನಾಲ್ಕೈದೇ.

ಮೊದಲನೆಯವನಿಂದಲೇ ಆರಂಭಿಸೋಣ. ಇವನಿಗೆ ವೇಗ ಬೇಕು ಎಂಬ ನಂಬಿಕೆ ಎಷ್ಟು ಆಳವಾಗಿತ್ತೆಂದರೆ, ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ವಿನ್ಸ್ ಕೋಲ್‌ಮನ್ 1986ರಲ್ಲಿ 107 ಬೇಸ್ ಕದ್ದಾಗ ಅವರನ್ನು ಆ ಸ್ಥಾನಕ್ಕೆ ಹೇಳಿಮಾಡಿಸಿದವರೆಂದೇ ಜನ ಎಣಿಸಿದರು. ಅದೇ ವರ್ಷ ಅವರು ನೂರು ಸರದಿಗಳಲ್ಲಿ ಬೇಸ್ ತಲುಪಿದ್ದು ಸುಮಾರು 30 ಸಲ ಮಾತ್ರ. ಉಳಿದ 70 ಸಲ ಡಗ್‌ಔಟ್‌ಗೆ ಹಿಂತಿರುಗಿದವರ ವೇಗ ತಂಡಕ್ಕೆ ಏನೂ ಕೊಡಲಿಲ್ಲ. ಕದಿಯುವ ಓಟಕ್ಕೂ ಬೆಲೆಯಿದೆ. ಯಾರೂ ಔಟಾಗದೆ ಮೊದಲ ಬೇಸ್‌ನಲ್ಲಿರುವವನು ಎರಡನೆಯದಕ್ಕೆ ಹಾರಿದರೆ ಆ ಕೋಷ್ಟಕದ ಪ್ರಕಾರ ಲಾಭ 0.24 ರನ್, ಸಿಕ್ಕಿಬಿದ್ದರೆ ನಷ್ಟ 0.6 ರನ್. ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಸಲ ಗೆದ್ದರಷ್ಟೇ ಅಸಲು ಕೈಗೆ ಬರುತ್ತದೆ. ಇದಕ್ಕೆ ರಿಕಿ ಹೆಂಡರ್ಸನ್ ಅವರನ್ನು ಮುಂದಿಟ್ಟು ಆಕ್ಷೇಪಿಸುವವರಿದ್ದಾರೆ. ಆದರೆ 1982ರಲ್ಲಿ 130 ಬೇಸ್ ಕದ್ದ ಹೆಂಡರ್ಸನ್ 42 ಸಲ ಸಿಕ್ಕಿಯೂ ಬಿದ್ದರು. ಯಶಸ್ಸು ನೂರಕ್ಕೆ 76, ಅಸಲಿನ ಗೆರೆಗಿಂತ ತುಸುವೇ ಮೇಲೆ. ಅವರನ್ನು ಆ ಸ್ಥಾನದ ಸಾರ್ವಕಾಲಿಕ ಶ್ರೇಷ್ಠರನ್ನಾಗಿ ಮಾಡಿದ್ದು ಕಾಲಿಗಿಂತ ಕಣ್ಣು. ಕೆಟ್ಟ ಎಸೆತಗಳನ್ನು ಮುಟ್ಟದೆ ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಯುವ ವಾಕ್ ಅನ್ನು ಅದೇ ವರ್ಷ ಅವರು 116 ಸಲ ಗಳಿಸಿದರು, ವೃತ್ತಿಜೀವನದಲ್ಲಿ 2,190 ಸಲ. ನೂರಕ್ಕೆ 40 ಸಲ ಬೇಸ್ ತಲುಪಿದ್ದರಿಂದಲೇ ಅವರು 2,295 ರನ್‌ಗಳ ದಾಖಲೆ ಬರೆಯಲು ಸಾಧ್ಯವಾಯಿತು. ಈ ಸತ್ಯವನ್ನು ಪೂರ್ತಿಯಾಗಿ ನಂಬಿ ನಡೆದದ್ದು ಶತಮಾನದ ತಿರುವಿನ ಓಕ್‌ಲೆಂಡ್ ಅಥ್ಲೆಟಿಕ್ಸ್. ಓಟದಲ್ಲಿ ತೀರಾ ನಿಧಾನವಾಗಿದ್ದ ಜೆರೆಮಿ ಜಿಯಾಂಬಿ 2001ರಲ್ಲಿ ನೂರಕ್ಕೆ 39 ಸಲ ಬೇಸ್ ತಲುಪುತ್ತಿದ್ದರು ಎಂಬ ಕಾರಣಕ್ಕೇ ಆ ತಂಡ ಅವರಿಗೆ ಮೊದಲ ಸ್ಥಾನದಲ್ಲಿ ಅವಕಾಶ ಕೊಟ್ಟಿತು. ಹಾಗೆಂದು ವೇಗ ಬೇಡವೆಂದಲ್ಲ. ಹಿಂದೆ ಚೆಂಡನ್ನು ಬೇಲಿಯಾಚೆ ಕಳಿಸಿ ಹೋಂ ರನ್ ಹೊಡೆಯುವವರು ಸಾಲುಗಟ್ಟಿ ನಿಂತಿರುವಾಗ ಬೇಸ್ ಕದಿಯುವುದಕ್ಕೆ ಬೆಲೆ ಕಡಿಮೆ, ಏಕೆಂದರೆ ಹೋಂ ರನ್‌ಗೆ ಮೊದಲ ಬೇಸ್‌ನಿಂದಲೂ ಮೂರನೆಯದರಿಂದಲೂ ಒಂದೇ ರನ್. ಹಿಂದಿರುವವರು ಒಂದೊಂದೇ ಬೇಸ್ ಹೊಡೆಯುವವರಾದಾಗ ಆ ಒಂದು ಬೇಸ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಹಾಗಾಗಿ ಓಟಗಾರನ ಸರಿಯಾದ ಜಾಗ ಆರನೆಯದರ ಸುತ್ತಮುತ್ತ.

ಎರಡನೆಯ ಸ್ಥಾನದಲ್ಲಿ ಹಳೆಯ ಕಟ್ಟಳೆ ಮಾಡಿದ ನಷ್ಟ ಇನ್ನೂ ದೊಡ್ಡದು. ಬೇಸ್‌ನಲ್ಲಿರುವವನನ್ನು ಮುಂದೆ ದಾಟಿಸಲು ಚೆಂಡನ್ನು ಮೆಲ್ಲನೆ ತಟ್ಟಿ ತಾನು ಔಟಾಗುವ ಬಂಟ್ ಎಂಬ ತ್ಯಾಗವನ್ನು ಬಹುಕಾಲ ಸದ್ಗುಣವೆಂದೇ ಹೊಗಳಲಾಯಿತು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಒಬ್ಬ ಮೊದಲ ಬೇಸ್‌ನಲ್ಲಿದ್ದು ಯಾರೂ ಔಟಾಗದಿದ್ದರೆ ನಿರೀಕ್ಷೆ 0.86 ರನ್. ಬಂಟ್ ಯಶಸ್ವಿಯಾಗಿ ಅವನು ಎರಡನೆಯದಕ್ಕೆ ಹೋಗಿ ಒಂದು ಔಟ್ ಆದರೆ ನಿರೀಕ್ಷೆ 0.66ಕ್ಕೆ ಇಳಿಯುತ್ತದೆ. ಅಂದುಕೊಂಡದ್ದು ಅಂದುಕೊಂಡಂತೆಯೇ ನಡೆದಾಗಲೂ ತಂಡ ಐದನೇ ಒಂದು ರನ್ ಕಳೆದುಕೊಂಡಿತು. ಸಮಬಲದ ಪಂದ್ಯದ ಕೊನೆಯಲ್ಲಿ ಒಂದೇ ರನ್ ಸಾಕೆನಿಸಿದಾಗ ಇದಕ್ಕೆ ಅರ್ಥವಿರಬಹುದು, ಮೊದಲ ಇನಿಂಗ್ಸ್‌ನಲ್ಲಿ ಖಂಡಿತ ಇಲ್ಲ. ಎರಡನೆಯವನಿಗೆ ಮೊದಲನೆಯವನಿಗಿಂತ 18 ಸರದಿ ಮಾತ್ರ ಕಡಿಮೆ. ಅವನ ಮುಂದೆ ಸದಾ ಬೇಸ್ ತಲುಪುವವನೊಬ್ಬ ಇರುತ್ತಾನೆ, ಹಿಂದೆ ಬಲಶಾಲಿಗಳಿರುತ್ತಾರೆ. ಬೇಸ್‌ನಲ್ಲಿರುವವರನ್ನು ಮನೆಗೆ ತಂದು ರನ್ ಗಳಿಸಿಕೊಡುವ ಕೆಲಸವೂ, ತಾನೇ ಬೇಸ್‌ನಲ್ಲಿ ನಿಂತು ಹಿಂದೆ ಬರುವವರಿಗೆ ಅವಕಾಶ ಮಾಡಿಕೊಡುವ ಕೆಲಸವೂ ಅವನಿಗೆ ಸಮಸಮ ಬರುತ್ತದೆ. ಎರಡೂ ಬಲ್ಲವನೆಂದರೆ ತಂಡದ ಅತ್ಯುತ್ತಮ ಬ್ಯಾಟರ್. ಟಾಮ್ ಟ್ಯಾಂಗೊ, ಮಿಚೆಲ್ ಲಿಕ್ಟ್‌ಮನ್ ಮತ್ತು ಆಂಡ್ರ್ಯೂ ಡಾಲ್ಫಿನ್ ಒಟ್ಟಾಗಿ ಬರೆದ 'ದ ಬುಕ್' ಎಂಬ ಗ್ರಂಥ ಎರಡು ದಶಕಗಳ ಹಿಂದೆ ಲಕ್ಷಾಂತರ ಸರದಿಗಳನ್ನು ಜಾಲಾಡಿ ಹೇಳಿದ್ದು ಇದನ್ನೇ: ಅತ್ಯುತ್ತಮ ಮೂವರು ಒಂದು, ಎರಡು ಮತ್ತು ನಾಲ್ಕರಲ್ಲಿ ಇರಲಿ, ಅವರ ನಂತರದ ಇಬ್ಬರು ಐದು ಮತ್ತು ಮೂರರಲ್ಲಿ. ಟೊರಾಂಟೊದ ಜಾಶ್ ಡೊನಾಲ್ಡ್‌ಸನ್ 2015ರಲ್ಲಿ ಎರಡನೆಯವರಾಗಿ ಆಡಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದ ಹೊತ್ತಿಗೆ ಈ ಮಾತು ಮ್ಯಾನೇಜರ್‌ಗಳ ಕೋಣೆಗೂ ತಲುಪಿತ್ತು.

ಮೂರನೆಯ ಸ್ಥಾನ, ರೂತ್ ಅವರ ಸಂಖ್ಯೆಯ ಸ್ಥಾನ, ಐದನೆಯದಕ್ಕಿಂತ ಕೆಳಗೆ ಇಳಿದದ್ದು ಏಕೆ? ಮ್ಯಾನೇಜರ್ ಬರೆದ ಕ್ರಮ ಬರೆದಂತೆಯೇ ನಡೆಯುವುದು ಮೊದಲ ಇನಿಂಗ್ಸ್‌ನಲ್ಲಿ ಮಾತ್ರ. ಅಲ್ಲಿ ಮೊದಲಿಬ್ಬರೂ ನೂರಕ್ಕೆ 34 ಸಲ ಬೇಸ್ ತಲುಪುವ ಒಳ್ಳೆಯ ಬ್ಯಾಟರ್‌ಗಳೇ ಆಗಿರಲಿ. ಒಬ್ಬೊಬ್ಬರೂ ಔಟಾಗುವ ಸಾಧ್ಯತೆ ನೂರಕ್ಕೆ 66, ಇಬ್ಬರೂ ಔಟಾಗುವ ಸಾಧ್ಯತೆ ನೂರಕ್ಕೆ ಸುಮಾರು 44. ಹತ್ತು ಪಂದ್ಯಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಮೂರನೆಯವನು ಬರುವಾಗ ಎರಡು ಔಟ್, ಬೇಸ್ ಖಾಲಿ. ನಿರೀಕ್ಷೆ 0.10 ರನ್ ಇರುವ ಅತ್ಯಂತ ಬರಡು ಸ್ಥಿತಿ ಅದು. ಅಲ್ಲಿ ಅವನು ಒಂದು ಬೇಸ್ ಹೊಡೆದರೂ ಇನಿಂಗ್ಸ್ ಮುಗಿಯಲು ಒಂದೇ ಔಟ್ ಬಾಕಿ, ಔಟಾದರೆ ಎರಡನೇ ಇನಿಂಗ್ಸ್ ನಾಲ್ಕನೆಯವನಿಂದ ಹೊಸದಾಗಿ ಶುರು. ನಾಲ್ಕನೆಯವನಿಗೆ ಈ ಬರಡು ಸ್ಥಿತಿ ಅಷ್ಟು ಸಲ ಎದುರಾಗುವುದಿಲ್ಲ. ಮೊದಲ ಇನಿಂಗ್ಸ್‌ನಲ್ಲೇ ಬಂದನೆಂದರೆ ಅವನ ಮುಂದಿನ ಮೂವರಲ್ಲಿ ಒಬ್ಬನಾದರೂ ಬೇಸ್ ತಲುಪಿದ್ದಾನೆ ಎಂದರ್ಥ. ಬಾರದಿದ್ದರೆ ಎರಡನೆಯ ಇನಿಂಗ್ಸ್ ತೆರೆಯುತ್ತಾನೆ, ಮೂರು ಔಟ್‌ಗಳ ಪೂರ್ಣ ಬಂಡವಾಳದೊಂದಿಗೆ. ಹಾಗಾಗಿ ಅತಿ ಬಲವಾದ ಹೊಡೆತಗಾರನಿಗೆ ನಾಲ್ಕನೆಯ ಸ್ಥಾನ ಎಂಬ ಹಳೆಯ ಕಟ್ಟಳೆಯ ತುಣುಕು ಲೆಕ್ಕಕ್ಕೂ ಒಪ್ಪುತ್ತದೆ, ಗೆರಿಗ್ ಇದ್ದ ಜಾಗ ಸರಿಯಾಗಿಯೇ ಇತ್ತು. ಈ ಮೂರು ಮತ್ತು ನಾಲ್ಕರ ವ್ಯತ್ಯಾಸ ನನಗೆ ಇಡೀ ವಿಷಯದಲ್ಲೇ ಅತ್ಯಂತ ಚೆಂದದ ಭಾಗ. ಕಣ್ಣೆದುರು ನೂರು ವರ್ಷ ನಡೆಯುತ್ತಿದ್ದ ಸರಳ ಗುಣಾಕಾರವನ್ನು ಹೆಚ್ಚಿನವರು ಮಾಡಿ ನೋಡಿರಲಿಲ್ಲ.

ಬಾಲಂಗೋಚಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರರಿಂದ ಕೆಳಗೆ ಸಾಮರ್ಥ್ಯದ ಇಳಿಕೆಯ ಕ್ರಮವೇ ಸಾಕು, ಒಂದು ತಿದ್ದುಪಡಿಯೊಂದಿಗೆ. ಮೊದಲ ಇನಿಂಗ್ಸ್ ದಾಟಿದ ಮೇಲೆ ಒಂಬತ್ತನೆಯವನೆಂದರೆ ಮೊದಲನೆಯವನಿಗಿಂತ ಮುಂಚೆ ಬರುವವನು. ಮಾರ್ಕ್ ಮೆಗ್ವೈರ್ 70 ಹೋಂ ರನ್ ಹೊಡೆದ 1998ರಲ್ಲಿ ಕಾರ್ಡಿನಲ್ಸ್‌ನ ಮ್ಯಾನೇಜರ್ ಟೋನಿ ಲಾ ರುಸ್ಸಾ ಪಿಚರ್‌ನನ್ನು ಎಂಟನೆಯವನಾಗಿ ಆಡಿಸಿ, ಒಬ್ಬ ನಿಜವಾದ ಬ್ಯಾಟರ್‌ನನ್ನು ಒಂಬತ್ತರಲ್ಲಿ ನಿಲ್ಲಿಸಿದರು. ಮೆಗ್ವೈರ್ ಬರುವ ಹೊತ್ತಿಗೆ ಬೇಸ್‌ಗಳಲ್ಲಿ ಜನ ಇರಲಿ ಎಂಬುದು ಅವರ ಆಲೋಚನೆ. ಆಗ ಹಲವರಿಗೆ ಅದು ವಿಚಿತ್ರವಾಗಿ ಕಂಡಿತ್ತು. 2022ರಿಂದ ಮೇಜರ್ ಲೀಗ್‌ನ ಎರಡೂ ಲೀಗ್‌ಗಳಲ್ಲಿ ಪಿಚರ್ ಬದಲು ಬೇರೊಬ್ಬ ನಿಯೋಜಿತ ಬ್ಯಾಟರ್ ಆಡುವ ನಿಯಮ ಬಂದ ಮೇಲೆ ಆ ಕಥೆ ಮುಗಿದಿದೆ. ಆದರೆ ಅದರಿಂದ ಮೊದಲ ಸ್ಥಾನದ ಲೆಕ್ಕವೇ ಬದಲಾಯಿತು. ಪಿಚರ್ ಔಟಾದ ಮೇಲೆ ಬರುತ್ತಿದ್ದ ಮೊದಲನೆಯವನಿಗೆ ಈಗ ಬೇಸ್‌ನಲ್ಲಿ ಜನ ಸಿಗತೊಡಗಿದರು, ಹಾಗಾಗಿ ಅಲ್ಲಿ ಬಲಕ್ಕೂ ಬೆಲೆ ಬಂತು. 2023ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ಹೆಚ್ಚಿನ ಪಂದ್ಯಗಳಲ್ಲಿ ಮೊದಲನೆಯವರಾಗಿ ಕಳಿಸಿದ ಕೈಲ್ ಶ್ವಾರ್ಬರ್ ಅವರ ಬ್ಯಾಟಿಂಗ್ ಸರಾಸರಿ, ಅಂದರೆ ವಾಕ್ ಬಿಟ್ಟು ಉಳಿದ ಸರದಿಗಳಲ್ಲಿ ಹೊಡೆತದಿಂದ ಬೇಸ್ ತಲುಪಿದ ಪಾಲು, ಬರೀ .197. ಹಿಂದಿನ ಕಾಲದಲ್ಲಾಗಿದ್ದರೆ ಅವರನ್ನು ಎಂಟನೆಯ ಸ್ಥಾನಕ್ಕೂ ಯಾರೂ ಕೇಳುತ್ತಿರಲಿಲ್ಲ. ಆದರೆ 126 ವಾಕ್‌ಗಳ ಬಲದಿಂದ ಅವರು ನೂರಕ್ಕೆ 34 ಸಲ ಬೇಸ್ ತಲುಪಿದರು, 47 ಹೋಂ ರನ್ ಹೊಡೆದರು, 104 ರನ್ ಮನೆಗೆ ತಂದರು.

ಇಷ್ಟೆಲ್ಲ ಕೇಳಿದ ಮೇಲೆ ಬರುವ ಮೊದಲ ಆಕ್ಷೇಪ ತೂಕದ್ದು: ಇದರಿಂದ ಸಿಗುವುದಾದರೂ ಎಷ್ಟು? 1972ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಸೋಲುಗಳಿಂದ ಬೇಸತ್ತು ಹೆಸರುಗಳನ್ನು ಟೋಪಿಗೆ ಹಾಕಿ ಎತ್ತಿ ಪಟ್ಟಿ ಬರೆದರು. ದುರ್ಬಲ ಬ್ಯಾಟರ್ ಎಡ್ಡಿ ಬ್ರಿಂಕ್‌ಮನ್ ನಾಲ್ಕನೆಯವರಾದರು, ಬಲಶಾಲಿ ನಾರ್ಮ್ ಕ್ಯಾಶ್ ಮೊದಲನೆಯವರಾದರು. ಟೈಗರ್ಸ್ 3-2ರಿಂದ ಗೆದ್ದಿತು. ಒಂದು ಪಂದ್ಯದಿಂದ ಏನೂ ತಿಳಿಯದು ಎಂದು ಅದನ್ನು ಬದಿಗಿಡಬಹುದು. ಆದರೆ ಆಕ್ಷೇಪಕ್ಕೆ ಅಂಕಿಗಳ ಬೆಂಬಲವೂ ಇದೆ. ಸಾಂಪ್ರದಾಯಿಕ ಪಟ್ಟಿಗೂ ಲೆಕ್ಕದ ಪ್ರಕಾರ ಅತ್ಯುತ್ತಮವಾದ ಪಟ್ಟಿಗೂ ಇಡೀ ಋತುವಿನಲ್ಲಿ 10ರಿಂದ 15 ರನ್‌ಗಳ ವ್ಯತ್ಯಾಸ, ಅಷ್ಟೆ. ಸುಮಾರು ಹತ್ತು ರನ್‌ಗೆ ಒಂದು ಗೆಲುವು ಎಂಬುದು ಬೇಸ್‌ಬಾಲ್ ಲೆಕ್ಕಿಗರ ಸಾಮಾನ್ಯ ಸೂತ್ರ. ಅಂದರೆ 162 ಪಂದ್ಯಗಳಲ್ಲಿ ಒಂದು ಗೆಲುವು, ಹೆಚ್ಚೆಂದರೆ ಒಂದೂವರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆಟಗಾರರು ಯಾರು ಎಂಬುದು ಅವರು ಯಾವ ಕ್ರಮದಲ್ಲಿ ಬರುತ್ತಾರೆ ಎಂಬುದಕ್ಕಿಂತ ಎಷ್ಟೋ ಪಾಲು ಮುಖ್ಯ. ಆದರೆ ಆಟಗಾರರ ಮೂಲಕ ಒಂದು ಗೆಲುವನ್ನು ಕೂಡಿಸಲು ತಂಡಗಳು ಕೋಟ್ಯಂತರ ಡಾಲರ್ ಸುರಿಯುತ್ತವೆ, ಕಾರ್ಡಿನಲ್ಲಿ ಹೆಸರು ಬದಲಿಸಲು ಒಂದು ಕಾಸೂ ಖರ್ಚಿಲ್ಲ. ಒಂದು ಗೆಲುವು ಸಣ್ಣದೂ ಅಲ್ಲ. 2021ರಲ್ಲಿ ಅಮೆರಿಕನ್ ಲೀಗ್‌ನ ಪೂರ್ವ ವಿಭಾಗದಲ್ಲಿ ಯಾಂಕೀಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ತಲಾ 92 ಪಂದ್ಯ ಗೆದ್ದು ಮುಂದಿನ ಸುತ್ತಿಗೆ ಹೋದವು, 91 ಗೆದ್ದ ಟೊರಾಂಟೊ ಬ್ಲೂ ಜೇಸ್ ಮನೆಗೆ ಹೋಯಿತು.

ಎರಡನೆಯ ಆಕ್ಷೇಪ ಆಟಗಾರರ ಬಾಯಲ್ಲಿ ಸದಾ ಕೇಳಿಬರುವಂಥದ್ದು, ರಕ್ಷಣೆಯ ಮಾತು. ಹಿಂದೆ ಒಬ್ಬ ಭಯಂಕರ ಬ್ಯಾಟರ್ ಕಾದು ನಿಂತಿದ್ದರೆ ಪಿಚರ್ ಅವನಿಗಿಂತ ಮುಂಚೆ ಬರುವವನಿಗೆ ಒಳ್ಳೆಯ ಎಸೆತ ಕೊಡಲೇಬೇಕಾಗುತ್ತದೆ ಎಂಬ ವಾದ. ಅದಕ್ಕೆ ಸಿಗುವ ಅತ್ಯಂತ ಬಲವಾದ ಸಾಕ್ಷ್ಯ 1961ರದ್ದು. ರೋಜರ್ ಮಾರಿಸ್ 61 ಹೋಂ ರನ್ ಹೊಡೆದು ರೂತ್ ದಾಖಲೆ ಮುರಿದ ಆ ವರ್ಷ ಅವರ ಹಿಂದೆ ಮಿಕಿ ಮ್ಯಾಂಟಲ್ ಇದ್ದರು, ಇಡೀ ಋತುವಿನಲ್ಲಿ ಯಾವ ತಂಡವೂ ಮಾರಿಸ್ ಅವರಿಗೆ ಒಂದು ಸಲವೂ ಉದ್ದೇಶಪೂರ್ವಕ ವಾಕ್ ಕೊಡಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಮ್ಯಾಂಟಲ್ ಗಾಯಗೊಂಡು ಹೊರಗಿದ್ದಾಗ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಕೊಟ್ಟರು. ಹಾಗಾದರೆ ರಕ್ಷಣೆ ಇದೆ ಎಂದಾಯಿತಲ್ಲ? ಇದೆ, ಆದರೆ ಅದರ ಪರಿಣಾಮ ಕಾಣುವುದು ವಾಕ್‌ಗಳ ಎಣಿಕೆಯಲ್ಲಿ. ಪಿಚರ್ ಸ್ಪರ್ಧೆಗೆ ಇಳಿದು ಎಸೆದಾಗ ಬ್ಯಾಟರ್ ಹೊಡೆಯುವ ಹೊಡೆತದ ಗುಣಮಟ್ಟ ಹಿಂದಿರುವವನಿಂದ ಹೆಚ್ಚೇನೂ ಬದಲಾಗುವುದಿಲ್ಲ ಎಂದೇ ಎಚ್ಚರಿಕೆಯಿಂದ ನಡೆಸಿದ ಎಣಿಕೆಗಳು ತೋರಿಸಿವೆ. ವಾಕ್ ಎಂಬುದು ಬ್ಯಾಟಿಂಗ್ ತಂಡಕ್ಕೆ ಒಂದೂ ಔಟ್ ಖರ್ಚಾಗದೆ ಸಿಗುವ, ಸರಾಸರಿ 0.3 ರನ್ ಬೆಲೆಯ ಉಡುಗೊರೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಬ್ಯಾರಿ ಬಾಂಡ್ಸ್ ಅವರಿಗೆ 2004ರಲ್ಲಿ ಎದುರಾಳಿಗಳು ಹೆದರಿ 232 ವಾಕ್ ಕೊಟ್ಟರು, ಅದರಲ್ಲಿ 120 ಉದ್ದೇಶಪೂರ್ವಕ. ಪರಿಣಾಮವಾಗಿ ಅವರು ನೂರಕ್ಕೆ 61 ಸಲ ಬೇಸ್ ತಲುಪಿ 129 ರನ್ ಗಳಿಸಿದರು. ಅಂಥವರ ಹಿಂದೆ ಒಳ್ಳೆಯ ಬ್ಯಾಟರ್ ಇರಬೇಕು, ನಿಜ. ಅದಕ್ಕೆ ಕಾರಣ ಆ ಉಡುಗೊರೆಯನ್ನು ರನ್ ಆಗಿ ಬದಲಿಸುವುದು, ಅವರನ್ನು ಕಾಯುವುದಲ್ಲ. ಒಳ್ಳೆಯವರನ್ನೆಲ್ಲ ಪಟ್ಟಿಯ ತುದಿಯಲ್ಲಿ ಒತ್ತಾಗಿ ಇಟ್ಟರೆ ಅದು ತಾನಾಗಿಯೇ ಆಗುತ್ತದೆ.

ಕೊನೆಯ ಆಕ್ಷೇಪಕ್ಕೆ ನಾನು ಅರ್ಧ ಬಾಗುತ್ತೇನೆ. ಆಟಗಾರ ಅಂಕಿಯಲ್ಲ, ಅವನಿಗೆ ರೂಢಿಯ ಜಾಗ ಬೇಕು, ದಿನಕ್ಕೊಂದು ಕ್ರಮಾಂಕ ಕೊಟ್ಟರೆ ಮನಸ್ಸು ಕೆಡುತ್ತದೆ ಎನ್ನುತ್ತಾರೆ ಹಳೆಯ ಮ್ಯಾನೇಜರ್‌ಗಳು. ಐದನೆಯದೋ ಆರನೆಯದೋ ಎಂಬಲ್ಲಿ ವ್ಯತ್ಯಾಸ ವರ್ಷಕ್ಕೆ ಒಂದೆರಡು ರನ್‌ನದು. ಅಲ್ಲಿ ಆಟಗಾರನ ನೆಮ್ಮದಿಯೇ ಗೆಲ್ಲಲಿ. ಬೇಸ್ ತಲುಪಲಾಗದವನು ಹಿರಿಯನೆಂಬ ಕಾರಣಕ್ಕೆ ಮೊದಲ ಸ್ಥಾನದಲ್ಲಿ ಕೂತರೆ ಮಾತ್ರ ಆ ನೆಮ್ಮದಿಯ ಬೆಲೆ ಉಳಿದ ಎಂಟು ಜನ ತೆರಬೇಕಾಗುತ್ತದೆ, ಅದು ನ್ಯಾಯವಲ್ಲ. ಇದೇ ಬಗೆಯಲ್ಲಿ ಲೆಕ್ಕದ ಜೊತೆ ತೂಗಬೇಕಾದ ಇನ್ನೊಂದು ಸಂಗತಿ ಎಡ-ಬಲದ ಜೋಡಣೆ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಕಷ್ಟ. ಮೂವರು ಎಡಗೈಯವರನ್ನು ಸಾಲಾಗಿ ಇಟ್ಟರೆ ಎದುರಾಳಿ ಒಬ್ಬ ಎಡಗೈ ಪಿಚರ್‌ನನ್ನು ಕರೆಸಿ ಮೂವರನ್ನೂ ನಿಭಾಯಿಸುತ್ತಾನೆ. 2020ರಿಂದ ಹೊಸದಾಗಿ ಬಂದ ಪಿಚರ್ ಇನಿಂಗ್ಸ್ ಮುಗಿಯದ ಹೊರತು ಕನಿಷ್ಠ ಮೂವರನ್ನು ಎದುರಿಸಲೇಬೇಕೆಂಬ ನಿಯಮ ಬಂದಿರುವುದರಿಂದ, ಎಡಗೈ-ಬಲಗೈ-ಎಡಗೈ ಎಂದು ಹೆಣೆದರೆ ಎದುರಾಳಿಗೆ ತಪ್ಪಿಸಿಕೊಳ್ಳುವ ದಾರಿ ಕಿರಿದಾಗುತ್ತದೆ. ಪಟ್ಟಿಯ ತುದಿಗೆ ಎದುರಾಳಿಗಳು ಎಷ್ಟು ಹೆದರುತ್ತಾರೆ ಎಂಬುದಕ್ಕೆ ಅದೇ ವರ್ಷದ ಅಂತಿಮ ಸರಣಿ ವರ್ಲ್ಡ್ ಸೀರೀಸ್ ನಿದರ್ಶನ. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ನೋಡುವಾಗ ಬ್ಯಾಟರ್‌ಗಳು ಇನ್ನಷ್ಟು ಚೆನ್ನಾಗಿ ಹೊಡೆಯುತ್ತಾರೆ. ಆರನೆಯ ಪಂದ್ಯದಲ್ಲಿ ಟ್ಯಾಂಪಾ ಬೇಯ ಬ್ಲೇಕ್ ಸ್ನೆಲ್ ಬರೀ 73 ಎಸೆತಗಳಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ ಅಮೋಘವಾಗಿ ಎಸೆಯುತ್ತಿದ್ದರು. ಆದರೂ ಲಾಸ್ ಏಂಜಲೀಸ್ ಡಾಜರ್ಸ್‌ನ ಮೊದಲ ಬ್ಯಾಟರ್ ಮೂಕಿ ಬೆಟ್ಸ್ ಮೂರನೇ ಸಲ ಬರುತ್ತಿದ್ದಾರೆಂದು ಟ್ಯಾಂಪಾ ಬೇ ಮ್ಯಾನೇಜರ್ ಕೆವಿನ್ ಕ್ಯಾಶ್, ಸ್ನೆಲ್ ಅವರನ್ನು ಹೊರಕರೆದರು. ಹೊಸ ಪಿಚರ್‌ನ ಎಸೆತಕ್ಕೆ ಬೆಟ್ಸ್ ಎರಡು ಬೇಸ್ ಹೊಡೆದರು, ಡಾಜರ್ಸ್ ಪಂದ್ಯವನ್ನೂ ಸರಣಿಯನ್ನೂ ಗೆದ್ದಿತು.

ಅದೇ ಡಾಜರ್ಸ್ 2024ರಲ್ಲಿ ಕಟ್ಟಿದ ಪಟ್ಟಿ ಈ ಎಲ್ಲ ಎಳೆಗಳನ್ನು ಒಂದೆಡೆ ತರುತ್ತದೆ. ಋತುವಿನ ಆರಂಭದಲ್ಲಿ ಬೆಟ್ಸ್ ಮೊದಲು, ಶೋಹೇ ಒಟಾನಿ ನಂತರ, ಮೂರನೆಯವರಾಗಿ ಫ್ರೆಡಿ ಫ್ರೀಮನ್. ಮೂವರೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆದ್ದವರು. ಓಟಗಾರನಿಗೂ ತ್ಯಾಗಿಗೂ ಅಲ್ಲಿ ಜಾಗವೇ ಇರಲಿಲ್ಲ. ಜೂನ್‌ನಲ್ಲಿ ಬೆಟ್ಸ್ ಗಾಯಗೊಂಡಾಗ ಒಟಾನಿ ಮೊದಲ ಸ್ಥಾನಕ್ಕೆ ಏರಿದರು, ಬೆಟ್ಸ್ ಮರಳಿದ ಮೇಲೂ ಅಲ್ಲೇ ಉಳಿದರು. 54 ಹೋಂ ರನ್ ಹೊಡೆದು 59 ಬೇಸ್ ಕದ್ದ ಅವರು 130 ರನ್ ಮನೆಗೆ ತಂದರು. ದೊಡ್ಡ ಹೊಡೆತಗಾರನನ್ನು ಮೇಲೆ ಕಳಿಸಿದರೆ ರನ್ ತರುವ ಅವಕಾಶ ಪೋಲಾಗುತ್ತದೆ ಎಂಬ ಹಳೆಯ ಭಯಕ್ಕೆ ಆ ಸಂಖ್ಯೆಯೇ ಉತ್ತರ. ಅಕ್ಟೋಬರ್ 25ರಂದು ಯಾಂಕೀಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ಹತ್ತನೆಯ ಇನಿಂಗ್ಸ್‌ಗೆ ಹೋಯಿತು, ಡಾಜರ್ಸ್ 2-3ರಿಂದ ಹಿಂದಿತ್ತು. ಎಂಟನೆಯ ಗ್ಯಾವಿನ್ ಲಕ್ಸ್ ವಾಕ್ ಪಡೆದರು, ಒಂಬತ್ತನೆಯ ಟಾಮಿ ಎಡ್ಮನ್ ಒಂದು ಬೇಸ್ ಹೊಡೆದರು. ಬಾಲದಲ್ಲೂ ಬೇಸ್ ತಲುಪುವವರು ಇದ್ದದ್ದರಿಂದ ತುದಿಯ ಮೂವರಿಗೆ ಐದನೇ ಸರದಿ ಬಂತು, ಅದೂ ಬೇಸ್‌ಗಳಲ್ಲಿ ಜನರಿರುವಾಗ. ಎಡಗೈ ಪಿಚರ್ ನೆಸ್ಟರ್ ಕಾರ್ಟೆಸ್ ಎಡಗೈ ಒಟಾನಿ ಅವರನ್ನು ಔಟ್ ಮಾಡಿದರು. ನಂತರ ಯಾಂಕೀಸ್ ಬಲಗೈ ಬೆಟ್ಸ್ ಅವರಿಗೆ ಉದ್ದೇಶಪೂರ್ವಕ ವಾಕ್ ಕೊಟ್ಟು, ಎಡಗೈ ಫ್ರೀಮನ್ ಅವರನ್ನು ಎಡಗೈಯಿಂದಲೇ ಎದುರಿಸುವ ದಾರಿ ಆರಿಸಿತು. ಆ ಆಯ್ಕೆ ತಪ್ಪೆಂದು ನನಗನಿಸುವುದಿಲ್ಲ, ಫ್ರೀಮನ್ ಅವರ ಕಾಲೂ ಆಗ ಉಳುಕಿತ್ತು. ಆದರೆ ತುದಿಯ ಮೂರು ಹೆಸರುಗಳಲ್ಲಿ ಸುಲಭದವರು ಯಾರೂ ಇರಲಿಲ್ಲ. ಫ್ರೀಮನ್ ಮೊದಲ ಎಸೆತವನ್ನೇ ಬೇಲಿಯಾಚೆ ಕಳಿಸಿದರು, ನಾಲ್ಕು ರನ್, 6-3. ಈ ಒಂದು ಹೊಡೆತದಿಂದ ಯಾವ ಲೆಕ್ಕವೂ ಸಾಬೀತಾಗುವುದಿಲ್ಲ. 'ದ ಬುಕ್'ನ ಸೂತ್ರವನ್ನು ಅಕ್ಷರಶಃ ಹಿಡಿದಿದ್ದರೆ ಫ್ರೀಮನ್ ನಾಲ್ಕನೆಯವರಾಗಿರುತ್ತಿದ್ದರು, ಆ ಕ್ಷಣದಲ್ಲಿ ಬ್ಯಾಟ್ ಹಿಡಿದು ನಿಲ್ಲುತ್ತಿದ್ದವರು ನಾಲ್ಕರಲ್ಲಿದ್ದ ಬಲಗೈಯ ಟಿಯೋಸ್ಕರ್ ಹೆರ್ನಾಂಡೆಜ್. ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ ವರ್ಷಕ್ಕೆ ಕೆಲವೇ ರನ್‌ಗಳದ್ದು, ಎಡ-ಬಲ ಹೆಣೆಯಲು ಡಾಜರ್ಸ್ ಅಷ್ಟನ್ನು ಬಿಟ್ಟುಕೊಟ್ಟಿದ್ದರೆ ಅದರಲ್ಲಿ ತಪ್ಪಿಲ್ಲ. ಒಟಾನಿ ಮತ್ತು ಬೆಟ್ಸ್ ಅವರನ್ನು ಮೂರು ನಾಲ್ಕಕ್ಕೆ ಇಳಿಸಿ, ಅವರ ಮುಂದೆ ಇಬ್ಬರು ದುರ್ಬಲರನ್ನು ನಿಲ್ಲಿಸಿದ್ದರೆ ಆಗುತ್ತಿದ್ದ ನಷ್ಟಕ್ಕೆ ಅಂಥ ಸಮಜಾಯಿಷಿ ಸಿಗುತ್ತಿರಲಿಲ್ಲ.